ನಾಲ್ಕು ಬೆರಳಷ್ಟು ಕಿಟಕಿ

ಬಿಟಿಎಂ ಲೇಔಟ್
೧ ಡಿಸೆಂಬರ್ ೨೦೨೪, ಭಾನುವಾರ

ಅಮ್ಮಾ,

ತ್ಯಾಗರಾಜನಗರದ ಮನೆಗೆ ಬಿಟಿಎಂನಿಂದ ಯಾರಾದರೂ ಅಂಚೆಯಲ್ಲಿ ಕಾಗದ ಹಾಕುತ್ತಾರಾ ಅಂತ ಪಿಜಿಯಲ್ಲಿ ನನ್ನ ರೂಮ್‌ಮೇಟ್ ನಗುತ್ತಿದ್ದಾಳೆ. ಕೂನೂರಿನ ಸ್ಕೂಲಿನಲ್ಲಿ ಐದನೇ ಕ್ಲಾಸಿನಿಂದ ಭಾನುವಾರ ಮನೆಗೆ ಪತ್ರ ಬರೆದು ತೋರಿಸಿದರೆ ಮಾತ್ರ ತಿಂಡಿ ಅಂತ ಅವಳಿಗೆ ಹೇಳಿದೆ. ಈಗ ತಿಂಡಿ ಬರೆಯದೆಯೂ ಸಿಗುತ್ತೆ, ಆದರೆ ಕೈ ಕೇಳುವುದಿಲ್ಲ. ಫೋನಿನಲ್ಲಿ ನೀನು "ಊಟ ಆಯ್ತಾ" ಅಂದ ಮೇಲೆ ನನಗೆ "ಆಯ್ತು" ಬಿಟ್ಟು ಬೇರೆ ಮಾತೇ ಹೊಳೆಯುವುದಿಲ್ಲ. ಕಾಗದದಲ್ಲಿ ಸ್ವಲ್ಪ ಧೈರ್ಯ.

ನನ್ನ ರೂಮು ಅಕ್ಕನ ಬಾಣಂತಿ ಕೋಣೆ ಆಗಿದ್ದಕ್ಕೆ ನನಗೆ ಬೇಜಾರಿಲ್ಲ. ಇದೆ, ಸ್ವಲ್ಪ. ಕಾಲೇಜು ಬೆಂಗಳೂರಲ್ಲೇ ಸಿಕ್ಕಿತು, ಇನ್ನು ಮನೆಯಲ್ಲೇ ಇರಬಹುದು ಅಂದುಕೊಂಡು ಬಂದೆ, ಮತ್ತೆ ಹಾಸ್ಟೆಲಿನಂಥ ಜಾಗಕ್ಕೇ ಬಂದೆ. ಅದು ಹಾಗಿರಲಿ. ನಾನು ಬರೆಯಬೇಕಾದದ್ದು ಬೇರೆ.

ಮೊನ್ನೆ ಬಂದಾಗ ನೋಡಿದೆ. ಅಜ್ಜಿಯ ಮಣ್ಣಿನ ಅಗ್ಗಿಷ್ಟಿಕೆ ಒಡೆದುಹೋಯಿತು ಅಂತ ಟೆರೇಸಿನಿಂದ ಆ ಕಬ್ಬಿಣದ್ದನ್ನು ಕೆಳಗೆ ತಂದಿದ್ದೀರಿ. ಅಪ್ಪ ಅದನ್ನು ಫೈರ್ ಪಿಟ್ ಅನ್ನುತ್ತಾರೆ, ಅಜ್ಜಿ ಬಾಣಲೆ ಅನ್ನುತ್ತಾರೆ. ಅಜ್ಜಿಯ ಹೆಸರೇ ಸರಿ, ಅಷ್ಟು ದೊಡ್ಡದು. ಅದು ಅಪ್ಪ ತಮ್ಮ ಫ್ರೆಂಡ್ಸ್ ಬಂದಾಗ ಆಕಾಶದ ಕೆಳಗೆ ಕೂತು ಕಾಯಿಸಿಕೊಳ್ಳಲಿಕ್ಕೆ ತಂದದ್ದು. ಅದರ ಡಬ್ಬ ಇನ್ನೂ ಮೆಟ್ಟಿಲ ಕೆಳಗಿದೆ. ಮನೆಯೊಳಗೆ ಬಳಸಬಾರದು ಅಂತ ಕೆಂಪಕ್ಷರದಲ್ಲಿ ಬರೆದಿದ್ದಾರೆ, ಮೂರು ಭಾಷೆಯಲ್ಲಿ. ನಾನು ಓದಿದೆ. ನನಗೆ ಎಲ್ಲದರ ಹಿಂದೆ ಬರೆದದ್ದನ್ನು ಓದುವ ಕಾಯಿಲೆ ಇದೆ ಅಂತ ನಿನಗೆ ಗೊತ್ತು.

ಕೂನೂರಿನ ಡಾರ್ಮಿಟರಿಯಲ್ಲಿ ಬ್ರಿಟಿಷರ ಕಾಲದ ಫೈರ್‌ಪ್ಲೇಸ್ ಇತ್ತಲ್ಲ. ಅದನ್ನು ಹಚ್ಚಿದ ದಿನ ನಮ್ಮ ಮೇಟ್ರನ್ ಬಂದು ಕಿಟಕಿಯನ್ನು ಕೈಯಿಂದ ಅಳೆದು ನಾಲ್ಕು ಬೆರಳಷ್ಟು ತೆರೆದಿಡುತ್ತಿದ್ದರು. ಎಂಥ ಚಳಿ ಇದ್ದರೂ. ಅಲ್ಲಿ ಚಿಮಣಿ ಇತ್ತು, ಆದರೂ. ನನ್ನ ರೂಮಿನಲ್ಲಿ ಚಿಮಣಿ ಇಲ್ಲ ಅಮ್ಮಾ. ಬಾಣಲೆಯನ್ನು ಮೇಲೆ ಕಳಿಸಿಬಿಡು. ಅಜ್ಜಿ ಒಪ್ಪದಿದ್ದರೆ ಕಡೇಪಕ್ಷ ಕಿಟಕಿ ನಾಲ್ಕು ಬೆರಳು.

ಪಾಪುವಿನ ಕಾಲು ಮುಟ್ಟಿ ನೋಡಿದ್ದೆ, ಇನ್ನೂ ಕೈಯಲ್ಲಿ ಹಾಗೇ ಇದೆ.

ನಿನ್ನ
ಶರ್ವಾಣಿ

*

ತ್ಯಾಗರಾಜನಗರ
೬-೧೨-೨೦೨೪

ಚಿನ್ನೂ,

ನಿನ್ನ ಕಾಗದ ಜೋರಾಗಿ ಓದಿ ಹೇಳಿದೆ. ಅಜ್ಜಿ ನಕ್ಕಿದ್ದು ನಕ್ಕಿದ್ದೇ. "ಕಿಟಕಿಗೆ ಅಳತೆ ಹೇಳೋಕೆ ಇವಳೇನು ಇಂಜಿನಿಯರ್ರಾ" ಅಂದರು. ಓದ್ತಿರೋದೇ ಇಂಜಿನಿಯರಿಂಗು ಅಂತ ನೆನಪು ಮಾಡಿದೆ. "ಹಾಗಿದ್ರೆ ಮೊದಲು ಪಾಸಾಗ್ಲಿ, ಆಮೇಲೆ ಹೇಳ್ಲಿ" ಅಂದರು. ಹಂಸಾ ಹೊಲಿಗೆ ಎಳೆಯುತ್ತೆ ನಗಿಸಬೇಡಿ ಅಂತ ಹೊಟ್ಟೆ ಹಿಡಿದುಕೊಂಡಳು.

ನಿಮ್ಮಿಬ್ಬರನ್ನೂ ಅಗ್ಗಿಷ್ಟಿಕೆ ಇಟ್ಟ ಕೋಣೆಯಲ್ಲೇ ಸಾಕಿದ್ದು. ಎಣ್ಣೆ ನೀರು ಹಾಕಿದ ಮೇಲೆ ಕೆಂಡ, ಸಾಂಬ್ರಾಣಿ ಹೊಗೆ, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕಣ್ತುಂಬ ನಿದ್ದೆ. ಬಾಣಂತಿಗೆ ಗಾಳಿ ಸೋಕಿದರೆ ಮುಂದೆ ಜೀವನಪೂರ್ತಿ ಸೊಂಟ ಹಿಡಿದುಕೊಂಡು ಓಡಾಡಬೇಕು, ಅದು ನಿನ್ನ ಡಬ್ಬದ ಮೇಲೆ ಬರೆದಿರುವುದಿಲ್ಲ. ಹಂಸಾಳ ಅತ್ತೆಗೆ ಈ ಬಾಣಂತನ ತಮ್ಮ ಮನೆಯಲ್ಲೇ ಆಗಬೇಕು, ನರ್ಸ್ ಇಡ್ತೀವಿ ಅಂತ ಇತ್ತು. ನಾನು ಹಟ ಹಿಡಿದು ಕರೆತಂದಿದ್ದೇನೆ. ಒಂದು ಶೀನು ಬಂದರೂ ನನ್ನನ್ನೇ ಕೇಳುತ್ತಾರೆ.

ಬರುವ ವಾರದ ಶನಿವಾರ ಬಾ. ನೀರು ಹಾಕುವ ಪಾರ್ವತಮ್ಮ ಬೇಗ ಹೊರಡಬೇಕಂತೆ. ಅಕ್ಕನ ಹತ್ತಿರ ಕೂತುಕೊಳ್ಳಲು ಒಬ್ಬರು ಬೇಕು. ನಿನಗೂ ಮನೆಗೆ ಬಂದ ಹಾಗಾಗುತ್ತೆ. ಮೆಂತ್ಯದ ಹಿಟ್ಟು ಮಾಡಿಟ್ಟಿರುತ್ತೇನೆ.

ಸುಮ್ಮಸುಮ್ಮನೆ ಹೆದರಬೇಡ. ರಾತ್ರಿ ಹೊದ್ದುಕೊಂಡು ಮಲಗು.

ಅಮ್ಮ

*

ಬಿಟಿಎಂ ಲೇಔಟ್
೨೨ ಡಿಸೆಂಬರ್ ೨೦೨೪, ಭಾನುವಾರ

ಅಮ್ಮಾ,

ಕಳೆದ ಭಾನುವಾರ ನಾನು ಬರೆಯಲಿಲ್ಲ. ಜ್ವರ ಬಂದಾಗಲೂ ಬಿಟ್ಟವಳಲ್ಲ.

ಆ ಶನಿವಾರ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಯಾಕೆಂದರೆ ಅಜ್ಜಿ ಫೋನ್ ಮಾಡಿದ್ದರು. ಮನೆಯಲ್ಲಿ ಈಗ ಬೇರೆಯೇ ಒಂದು ಕಥೆ ಓಡುತ್ತಿದೆ ಅಂತ ಅವರ ಮಾತಿನಲ್ಲಿ ಗೊತ್ತಾಯಿತು.

ಪಾರ್ವತಮ್ಮ ನೀರು ಹಾಕಿ ಹೋದರು. ಅಕ್ಕ, ಪಾಪು ಇಬ್ಬರೂ ಮಲಗಿದರು. ಬಾಣಲೆಯ ತುಂಬ ಇದ್ದಿಲು ಕೆಂಪಗಿತ್ತು. ಹೊಗೆ ಏನೂ ಇರಲಿಲ್ಲ. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅಂತ ನೀನು ಹೇಳಿದೆ. ನಾನು ಕಿಟಕಿಯನ್ನು ನಾಲ್ಕು ಬೆರಳಷ್ಟು ಸರಿಸಿದೆ. ನೀನು ಬಂದು ಮುಚ್ಚಿದೆ. ಬಾಗಿಲ ಸಂದಿಗೆ ನೀನೇ ಹಳೇ ಟವೆಲ್ ಮಡಿಸಿ ಇಟ್ಟೆ. ಆಮೇಲೆ ಓಮ ಮುಗಿದಿದೆ, ಅಂಗಡಿಗೆ ಹೋಗಿ ಬಾ ಅಂತ ನೀನೇ ಅಂದೆ. ನಾನು ಹೋದೆ. ನಾನು ಹೋಗಬಾರದಿತ್ತು ಅಂತ ಈಗ ಅನ್ನಿಸುತ್ತೆ, ಆದರೆ ನೀನು ಹೇಳಿದಾಗ ನಾನು ಯಾವತ್ತು ಹೋಗದೇ ಇದ್ದೇನೆ? ಕೂನೂರಿಗೂ ಹಾಗೇ ಹೋದೆ.

ಬಂದು ಬಾಗಿಲು ತೆಗೆದಾಗ ಅಕ್ಕ ಮಂಚದ ಪಕ್ಕಕ್ಕೆ ಬಾಗಿ ವಾಂತಿ ಮಾಡುತ್ತಿದ್ದಳು. ತಲೆ ಸಿಡಿಯುತ್ತಿದೆ ಅಂದಳು, ಆಮೇಲೆ ಮಾತು ನಿಂತಿತು. ಪಾಪುವನ್ನು ಎತ್ತಿದೆ. ಕತ್ತು ಒದ್ದೆ ಬಟ್ಟೆಯ ಹಾಗೆ ಜೋತಾಡಿತು. ಸ್ಕೂಲಿನ ಫೈರ್ ಡ್ರಿಲ್‌ನಲ್ಲಿ ಮೊದಲು ಜನ, ಆಮೇಲೆ ಸಾಮಾನು ಅಂತ ಹೇಳಿಕೊಟ್ಟಿದ್ದರು. ಪಾಪುವನ್ನು ಬಾಲ್ಕನಿಗೆ ಒಯ್ದು ಅಜ್ಜಿಯ ಕೈಗೆ ಕೊಟ್ಟೆ, ಬಂದು ಕಿಟಕಿಯನ್ನು ಪೂರ್ತಿ ಸರಿಸಿದೆ, ನೀನೂ ನಾನೂ ಸೇರಿ ಅಕ್ಕನನ್ನು ಎಳೆದುಕೊಂಡು ಬಂದೆವು. ಬಾಲ್ಕನಿಯಲ್ಲಿ ಪಾಪು ಅತ್ತ. ಅಷ್ಟು ಸಣ್ಣ ದನಿ. ಅದನ್ನು ನೀನೂ ಕೇಳಿದ್ದೀಯ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆಯೇ ಅದು, ಕೋಣೆಯಲ್ಲಿ ಇದ್ದಿಲು, ಗ್ಯಾಸು ಏನಾದರೂ ಇತ್ತಾ ಅಂತ.

"ಏನೂ ಇಲ್ಲ ಡಾಕ್ಟ್ರೇ. ಮಾಮೂಲಿ ಕೋಣೆ."

ನೀನು ನನ್ನ ಕಡೆ ನೋಡದೆ ಹೇಳಿದೆ. ಅಪ್ಪ ಪಾರ್ಕಿಂಗ್ ಚೀಟಿಗಾಗಿ ಜೇಬು ತಡಕಾಡುತ್ತಿದ್ದರು. ನಾನು ಹೇಳಿದೆ, "ಇತ್ತು ಸಾರ್. ಒಂದು ಬಾಣಲೆ ಕೆಂಡ ಇತ್ತು. ಕಿಟಕಿ ಮುಚ್ಚಿತ್ತು." ಆಮೇಲೆ ಅವರು ಓಡಾಡಿದ್ದು, ಆಕ್ಸಿಜನ್ ಹಾಕಿದ್ದು, ರಕ್ತ ತೆಗೆದದ್ದು ಎಲ್ಲ ನೋಡಿದ್ದೀಯ. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಕರೆದುಕೊಂಡು ಹೋಗುತ್ತೆ, ಇನ್ನು ಕೋಣೆಯೊಳಗೆ ಕೆಂಡ ಬೇಡವೇ ಬೇಡ ಅಂದರು. ಕಿಟಕಿ ತೆರೆದಿದ್ದರೂ ಬೇಡ ಅಂದರು. ನನ್ನ ನಾಲ್ಕು ಬೆರಳೂ ಸಾಲುತ್ತಿರಲಿಲ್ಲ.

ಇಷ್ಟಾದರೂ ನಿನ್ನ ಮೇಲೆ ನನಗೆ ಕೋಪ ಬಂದಿರಲಿಲ್ಲ ಅಮ್ಮಾ. ಹೆದರಿದ್ದೀಯ ಅಂದುಕೊಂಡೆ. ಆಮೇಲೆ ಅಕ್ಕನ ಅತ್ತೆ ಬಂದರು. ಕಾರಿಡಾರಿನಲ್ಲಿ ನಾನು ಪಾಪುವಿನ ಟೋಪಿ ಹಿಡಿದುಕೊಂಡು ನಿಂತಿದ್ದೆ. ನೀನು ಅವರ ಕೈ ಹಿಡಿದುಕೊಂಡು ಹೇಳಿದೆ.

"ಏನು ಮಾಡೋದು ಹೇಳಿ. ಚಿಕ್ಕವಳು ಕಿಟಕಿ ತೆಗೆದುಬಿಟ್ಟಿದ್ದಾಳೆ. ಶೀತ ಹೊಡೀತು."

ಅವರು ನನ್ನ ಕಡೆ ತಿರುಗಿ ನೋಡಿದರು. ನೀನು ತಿರುಗಲಿಲ್ಲ.

ಹಳೇ ಮನೆಗೆ ಹೆಂಚು ಇತ್ತು ಅಮ್ಮಾ. ಅಜ್ಜಿಯೇ ಹೇಳುತ್ತಿದ್ದರಲ್ಲ, ಮಲಗಿದರೆ ಸಂದಿಯಿಂದ ಚಂದ್ರ ಕಾಣುತ್ತಿದ್ದ ಅಂತ. ನಮ್ಮನ್ನು ಸಾಕಿದ್ದು ಆ ಸಂದಿಗಳು. ಅದನ್ನು ಕೆಡವಿ, ಆಟೋ ಹಾರ್ನ್ ಕೂಡ ಕೇಳಿಸದ ಗಾಜಿನ ಕಿಟಕಿ ಹಾಕಿಸಿದಿರಿ. ಅಗ್ಗಿಷ್ಟಿಕೆ ಮಾತ್ರ ಹಾಗೇ ಉಳಿಯಿತು. ಇದು ನಿನ್ನೊಬ್ಬಳ ತಪ್ಪು ಅಂತ ನಾನು ಯಾರ ಹತ್ತಿರವೂ ಹೇಳುತ್ತಿರಲಿಲ್ಲ.

ನೀನು ಹೇಳಿದೆ, ಚಿಕ್ಕವಳ ತಪ್ಪು ಅಂತ.

ಶರ್ವಾಣಿ

*

ತ್ಯಾಗರಾಜನಗರ
೩-೧-೨೦೨೫

ಶರ್ವಾಣಿ,

ನಿನ್ನ ಕಾಗದಕ್ಕೆ ಏನು ಬರೆಯುವುದು ಅಂತ ಬಹಳ ಯೋಚಿಸಿದೆ. ಮೊದಲು ಇದು ಕೇಳು. ಇಬ್ಬರೂ ಚೆನ್ನಾಗಿದ್ದಾರೆ. ಪಾಪುವಿನ ತೂಕವೂ ಹೆಚ್ಚಿದೆ. ಬಾಣಲೆಯನ್ನು ಅವತ್ತೇ ಟೆರೇಸಿಗೆ ಹಾಕಿದ್ದೇನೆ. ನೀನು ಹೇಳಿದ್ದಕ್ಕೇ ಹಾಕಿದ್ದು ಅಂತ ಬೇಕಾದರೆ ಅಂದುಕೋ.

ನೀನು ಡಾಕ್ಟರ ಮುಂದೆ ನನ್ನನ್ನು ಸುಳ್ಳುಗಾತಿ ಮಾಡಿದೆ. ಇಪ್ಪತ್ತು ಜನ ನಿಂತಿದ್ದ ಜಾಗದಲ್ಲಿ. ನನ್ನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹಾಸ್ಟೆಲಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳುವುದು ಕಲಿಸಿದ್ದಾರೆ, ಒಳ್ಳೆಯದೇ. ಮನೆಯಲ್ಲಿ ಯಾವ ಮಾತು ಎಲ್ಲಿ ಅನ್ನುವುದನ್ನು ನಾನು ಕಲಿಸಬೇಕಿತ್ತು, ನೀನು ನನ್ನ ಹತ್ತಿರ ಇರಲಿಲ್ಲ.

ಹಂಸಾಳ ಅತ್ತೆಯ ಹತ್ತಿರ ಹೇಳಿದ್ದು ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ಬಂದ ಮೇಲೆ ವಾಪಸ್ ತೆಗೆದುಕೊಳ್ಳುವುದು ಹೇಗೆ? ಆಸ್ಪತ್ರೆಯ ಚೀಟಿಯನ್ನೂ ಹಂಸಾಳಿಗೆ ತೋರಿಸದೆ ಎತ್ತಿಟ್ಟಿದ್ದೇನೆ. ಬಾಣಂತನ ನಾನೇ ಮಾಡ್ತೀನಿ ಅಂತ ಅವರ ಜೊತೆ ಜಗಳ ಆಡಿ ಕರೆತಂದವಳು ನಾನು. ನನ್ನ ಕೈಯಿಂದಲೇ ಹೀಗಾಯಿತು ಅಂತ ಗೊತ್ತಾದರೆ ಹಂಸಾಳನ್ನು ಇನ್ನು ಒಂದು ಹಬ್ಬಕ್ಕೂ ಕಳಿಸುವುದಿಲ್ಲ. ನೀನು ಚಿಕ್ಕವಳು. ನಿನ್ನ ಮೇಲೆ ಬಂದ ಮಾತನ್ನು ಜನ ಮರೆಯುತ್ತಾರೆ. ನನ್ನ ಮೇಲೆ ಬಂದರೆ ಮರೆಯುವುದಿಲ್ಲ. ಇಷ್ಟು ನನಗೋಸ್ಕರ ಹೊತ್ತುಕೊಳ್ಳುವುದಕ್ಕೆ ಆಗುವುದಿಲ್ಲವಾ?

ತಿಂಗಳ ಕೊನೆಗೆ ತೊಟ್ಟಿಲು ಶಾಸ್ತ್ರ, ನಾಮಕರಣ. ಬೀಗರ ಕಡೆಯವರು ತುಂಬ ಜನ ಬರುತ್ತಾರೆ. ಅವತ್ತು ನೀನು ಬರದೇ ಇದ್ದರೆ ನಿನಗೇ ಒಳ್ಳೆಯದು ಅನ್ನಿಸುತ್ತೆ. ಎಕ್ಸಾಮ್ ಅಂತ ಹೇಳುತ್ತೇನೆ. ಹೋಳಿಗೆ ಅಪ್ಪನ ಕೈಲಿ ಕಳಿಸುತ್ತೇನೆ.

ಅಮ್ಮ

*

ಬಿಟಿಎಂ ಲೇಔಟ್
೯ ಫೆಬ್ರವರಿ ೨೦೨೫, ಭಾನುವಾರ

ಹಂಸಕ್ಕಾ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲಿರಬೇಕು. ಸ್ಕೂಲಿನಿಂದ ಬರೆಯುವಾಗ ಕೊನೆಯಲ್ಲಿ "ಅಕ್ಕನಿಗೆ ಕೇಳಿದೆ ಅಂತ ಹೇಳು" ಅಂತ ಸೇರಿಸುತ್ತಿದ್ದೆ, ಅಷ್ಟೇ.

ಪಾಪುವಿಗೆ ಸುಶ್ರುತ ಅಂತ ಹೆಸರಿಟ್ಟದ್ದು ನಿನ್ನ ಸ್ಟೇಟಸ್ ನೋಡಿ ಗೊತ್ತಾಯಿತು. ಚೆನ್ನಾಗಿದೆ. ಅಪ್ಪ ಹೋಳಿಗೆ ತಂದುಕೊಟ್ಟು, ಪಿಜಿಯ ಗೇಟಿನಲ್ಲೇ ನಿಂತು, "ಅಮ್ಮನಿಗೆ ಬೇಜಾರು ಮಾಡಬೇಡಮ್ಮ" ಅಂತ ಹೇಳಿ ಹೋದರು. ಅವತ್ತು ನನಗೆ ಯಾವ ಎಕ್ಸಾಮೂ ಇರಲಿಲ್ಲ.

ನೀನು ಜೆಪಿ ನಗರಕ್ಕೆ, ನಿಮ್ಮ ಅತ್ತೆಯ ಮನೆಗೆ ಹೋದೆ ಅಂತ ಅಜ್ಜಿ ಹೇಳಿದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು, ಅವರಿಗೆ ಅದು ದೊಡ್ಡ ವಿಷಯ ಅಲ್ಲ. ನಿಮ್ಮ ಅತ್ತೆ ಟೆರೇಸಿನಲ್ಲಿ ಆ ಬಾಣಲೆ ನೋಡಿ ಸಾಂಬ್ರಾಣಿ ಹಾಕಲಿಕ್ಕೆ ಸಖತ್ತಾಗಿದೆ ಅಂದರಂತೆ. ಅಮ್ಮ ತೊಟ್ಟಿಲ ಜೊತೆ ಅದನ್ನೂ ಕಳಿಸಿದಳಂತೆ. ಬೇಡ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕಿತ್ತಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ಅವತ್ತು ನಿಮಗೆ ಶೀತ ಹೊಡೆಯಲಿಲ್ಲ ಅಕ್ಕಾ. ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು, ಅದರ ಗಾಳಿ ರಕ್ತಕ್ಕೆ ಸೇರಿತು. ನಾನು ತೆರೆದ ಕಿಟಕಿಯನ್ನು ಅಮ್ಮ ಮುಚ್ಚಿದಳು. ಆಮೇಲೆ ನಾನು ಬಂದು ಹೊರಗೆ ಗಾಳಿಗೆ ಒಯ್ದ ಮೇಲೇ ಪಾಪು ಉಸಿರೆಳೆದು ಅತ್ತಿದ್ದು. ಆಸ್ಪತ್ರೆಯ ಡಾಕ್ಟರಿಗೆ ಎಲ್ಲ ಗೊತ್ತು, ಬೇಕಾದರೆ ಕೇಳು. ನೀನು ನನ್ನನ್ನು ಇಷ್ಟಪಡಬೇಕಾಗಿಲ್ಲ. ಬಾಣಲೆಯನ್ನು ಮನೆಯೊಳಗೆ ಇಡಬೇಡ, ಅಷ್ಟು ಮಾಡು. ಸ್ನಾನ ಆದ ಮೇಲೆ ಚಳಿ ಅನ್ನಿಸಿದರೆ ಇನ್ನೊಂದು ರಗ್ಗು ಹೊದಿಸು. ಸಾಂಬ್ರಾಣಿ ಬೇಕೇಬೇಕು ಅಂದರೆ ಬಾಲ್ಕನಿ.

ಪಿಜಿಯಲ್ಲಿ ಗೀಸರ್ ಸ್ವಿಚ್ ಆಫ್ ಆಗಿದೆಯಾ ಅಂತ ಎದ್ದೆದ್ದು ಹೋಗಿ ನೋಡುತ್ತೇನೆ. ರೂಮ್‌ಮೇಟ್ ಬೈಯುತ್ತಾಳೆ. ನನ್ನ ತಲೆ ಅಷ್ಟರಮಟ್ಟಿಗೆ ಕೆಟ್ಟಿದೆ, ಒಪ್ಪುತ್ತೇನೆ. ಆದರೆ ಇದು ತಲೆ ಕೆಟ್ಟು ಬರೆದದ್ದಲ್ಲ.

ತಂಗಿ
ಶರ್ವಾಣಿ

*

ಜೆಪಿ ನಗರ
೧೪-೨-೨೦೨೫

ಪುಟ್ಟಿ,

ಕಾಗದ ಸಿಕ್ಕಿತು. ಪಾಪು ತೊಡೆಯ ಮೇಲಿದ್ದಾನೆ, ಒಂದೇ ಕೈಯಲ್ಲಿ ಬರೀತಿದ್ದೀನಿ.

ನೀನು ಹೀಗೆ ಬರೀತೀಯ ಅಂತ ಅಮ್ಮ ಮೊದಲೇ ಹೇಳಿದ್ದಳು. "ಪಾಪ, ಹೆದರಿಬಿಟ್ಟಿದ್ದಾಳೆ, ತಾನು ಮಾಡಿದ್ದನ್ನ ಒಪ್ಪಿಕೊಳ್ಳೋಕೆ ಆಗ್ತಿಲ್ಲ, ಏನು ಬರೆದ್ರೂ ಬೈಬೇಡ" ಅಂದಳು. ಅದಕ್ಕೆ ಬೈತಿಲ್ಲ. ನನಗೆ ನಿನ್ನ ಮೇಲೆ ಕೋಪವೂ ಇಲ್ಲ. ನಮ್ಮ ಮನೆಯಲ್ಲಿ ನಿನ್ನನ್ನ "ಕಿಟಕಿ ಹುಡುಗಿ" ಅಂತ ತಮಾಷೆ ಮಾಡ್ತಾರೆ, ಅತ್ತೆ ಕೂಡ ನಗ್ತಾರೆ, ಅಂದ್ರೆ ಅವರೂ ಮರೆತಿದ್ದಾರೆ ಅಂತ ತಾನೇ. ಚಿಕ್ಕಂದಿನಿಂದ ಹೊರಗೆ ಇದ್ದವಳು, ಬಾಣಂತಿ ಮನೆ ಹೇಗಿರುತ್ತೆ ಅಂತ ನಿನಗೆ ಹೇಗೆ ಗೊತ್ತಾಗಬೇಕು?

ಆದರೆ ತಪ್ಪನ್ನ ಅಮ್ಮನ ಮೇಲೆ ಹಾಕಬೇಡ. ನನ್ನ ಬಾಣಂತನಕ್ಕೆ ಅವಳು ಎಷ್ಟು ಸವೆದಿದ್ದಾಳೆ ಅಂತ ನೋಡಿದವಳು ನಾನು.

ಹಂಸಾ

*

ಬಿಟಿಎಂ ಲೇಔಟ್
೧೬ ಫೆಬ್ರವರಿ ೨೦೨೫, ಭಾನುವಾರ

ಅಮ್ಮಾ,

ಅಕ್ಕನಿಗೆ ಬರೆದಿದ್ದೆ. ಅವಳು ನಂಬಲಿಲ್ಲ. ನಾನು ಬರೆಯುವ ಮೊದಲೇ ನೀನು ಅದಕ್ಕೂ ಬಾಗಿಲು ಹಾಕಿ, ಸಂದಿಗೆ ಟವೆಲ್ ಇಟ್ಟಿದ್ದೀಯ.

ಇರಲಿ. ನೀನು ಜನವರಿಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಹೊತ್ತುಕೊಳ್ಳುತ್ತೇನೆ. ಕಿಟಕಿ ಹುಡುಗಿ ಅನ್ನಲಿ, ಹಬ್ಬಕ್ಕೆ ಕರೆಯದೇ ಇರಲಿ, ಎಕ್ಸಾಮ್ ಇದೆ ಅಂತ ನೀನು ಹೇಳುತ್ತಾ ಇರು. ಆದರೆ ಬಾಣಲೆ ಈಗ ಅವರ ಮನೆಯಲ್ಲಿದೆ. ಅಲ್ಲಿಯೂ ಗಾಜಿನ ಕಿಟಕಿಗಳೇ. ಇನ್ನೊಂದು ಸಲ ಹಾಗಾದರೆ ಬಾಗಿಲು ತೆಗೆಯುವುದಕ್ಕೆ ಓಮ ತರಲು ಹೋದವಳು ಯಾರೂ ಇರುವುದಿಲ್ಲ.

ನಾನು ಹೇಳಿದರೆ ಯಾರೂ ನಂಬದ ಹಾಗೆ ಮಾಡಿದವಳು ನೀನು. ಆದ್ದರಿಂದ ನೀನೇ ಹೋಗಬೇಕು. ಏನು ಸುಳ್ಳು ಬೇಕಾದರೂ ಹೇಳು. ಬಾಣಲೆ ಹೊರಗೆ ಬಂದರೆ ಸಾಕು.

ಇದಕ್ಕೆ ಉತ್ತರ ಬರೆಯಬೇಡ. ಹೋಗಿ ಬಾ.

ಶರ್ವಾಣಿ

*

ಜೆಪಿ ನಗರ
೪-೩-೨೦೨೫

ಪುಟ್ಟಿ,

ಇದನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬರೀತಿದ್ದೀನಿ.

ಮೊನ್ನೆ ಅಮ್ಮ ಬಂದಿದ್ದಳು. ಹೇಳದೆ ಕೇಳದೆ, ಬೆಳಗ್ಗೆ, ಪಾಪುವಿನ ಸ್ನಾನದ ಹೊತ್ತಿಗೆ ಸರಿಯಾಗಿ. ಅತ್ತೆ ಬಾಣಲೆ ಹಚ್ಚಿ, ಕಿಟಕಿ ಹಾಕಿ, ಪಾಪುವಿನ ಕೂದಲಿಗೆ ಹೊಗೆ ಹಿಡೀತಿದ್ದರು. ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಕೂತ್ಕೊಳ್ಳಿ ಅಂದರೆ ಕೂರಲಿಲ್ಲ. ಅವಳ ಮುಖ ನೋಡಿ ಯಾರಿಗೋ ಏನೋ ಆಗಿದೆ ಅಂದುಕೊಂಡೆ. ಸೀದಾ ಹೋಗಿ ಕಿಟಕಿ ಸರಿಸಿದಳು. ಸರಿಸಿ, ಸಂದಿಯೊಳಗೆ ಕೈ ಇಟ್ಟು, ಬೆರಳು ಜೋಡಿಸಿ ಅಳತೆ ನೋಡಿದಳು. ನಾಲ್ಕು ಬೆರಳು. ಆಮೇಲೆ ಅದೂ ಸಾಲದು ಅನ್ನಿಸಿತೋ ಏನೋ, ಪೂರ್ತಿ ತೆರೆದಳು.

ಅತ್ತೆ ಯಾಕೆ ಅಂತ ಕೇಳಿದರು.

"ಇಲ್ದಿದ್ರೆ ನಮ್ಮ ಶರ್ವಾಣಿ ಬೈತಾಳೆ" ಅಂದಳು ಅಮ್ಮ.

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ನಾನೂ ನಗ್ತಿದ್ದೆ, ಅಷ್ಟರಲ್ಲಿ ಅವಳ ಕೈ ನೋಡಿದೆ. ಕಿಟಕಿಯನ್ನ ಯಾರೂ ಮುಚ್ಚದ ಹಾಗೆ ಚೌಕಟ್ಟನ್ನ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಶೀತ ಆಗುತ್ತೆ ಅಂತ ನನ್ನ ಕಿವಿಗೆ ಹತ್ತಿ ಇಡುತ್ತಿದ್ದವಳು, ಆಗತಾನೇ ಸ್ನಾನ ಆದ ಮಗುವಿನ ಮೇಲೆ ಗಾಳಿ ಬಿಟ್ಟುಕೊಂಡು ನಿಂತಿದ್ದಳು.

ಕಾಫಿ ಕುಡಿಯುವಾಗ ಅಡುಗೆಮನೆಯಲ್ಲಿ ಅವಳನ್ನು ಕೇಳಿದೆ, ಅವತ್ತು ಕಿಟಕಿ ತೆರೆದಿದ್ದಕ್ಕೆ ಹಾಗಾಯಿತು ಅಂದೆಯಲ್ಲ, ಇವತ್ತು ಯಾಕೆ ತೆರೆದೆ ಅಂತ. ಲೋಟ ತೊಳೆಯುತ್ತಾ ನಿಂತಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಹೊರಡ್ತೀನಿ, ಬಸ್ಸು ತಪ್ಪುತ್ತೆ ಅಂದಳು.

ಅವಳು ಹೋದ ಮೇಲೆ ಬಾಣಲೆಯನ್ನ ಟೆರೇಸಿಗೆ ಹಾಕಿಸಿದೆ. ಪಾಪು ಕೆಮ್ಮುತ್ತಾನೆ ಅಂತ ಅತ್ತೆಗೆ ಹೇಳಿದೆ. ಅವನು ಕೆಮ್ಮಿರಲಿಲ್ಲ. ಈಗ ನಾನೂ ಸುಳ್ಳು ಹೇಳಿದ ಹಾಗಾಯಿತು.

ಅವತ್ತು ನಿಜವಾಗಿ ಏನಾಯಿತು? ನೀನು ಬರೆದದ್ದನ್ನ ನಾನು ಅರ್ಧ ಓದಿ ಎಲ್ಲೋ ಇಟ್ಟೆ, ಹುಡುಕಿದರೆ ಸಿಗ್ತಿಲ್ಲ. ಇನ್ನೊಂದು ಸಲ ಬರಿ. ಈ ಸಲ ಪೂರ್ತಿ ಓದ್ತೀನಿ.

ಹಂಸಾ

*

ಬಿಟಿಎಂ ಲೇಔಟ್
೯ ಮಾರ್ಚ್ ೨೦೨೫, ಭಾನುವಾರ

ಅಕ್ಕಾ,

ಬಾಣಲೆ ಟೆರೇಸಿಗೆ ಹೋಯಿತು ಅನ್ನುವ ಸಾಲು ಓದಿ ಕಾಗದ ಮಡಿಸಿಟ್ಟೆ. ಕ್ಲಾಸಿಗೆ ಹೋಗಿ ಬಂದು ಮತ್ತೆ ಆ ಸಾಲನ್ನೇ ಓದಿದೆ. ಅವತ್ತು ಗೀಸರ್ ನೋಡಲಿಕ್ಕೆ ಏಳದೆ ಮಲಗಿದೆ.

ಇನ್ನೊಂದು ಸಲ ಬರೆಯುವುದಿಲ್ಲ. ಬರೆದರೆ ಅದು ಮತ್ತೆ ನನ್ನ ಮಾತು ಒಂದು ಕಡೆ, ಅಮ್ಮನ ಮಾತು ಒಂದು ಕಡೆ ಆಗುತ್ತೆ, ನೀನು ನಡುವೆ ಕೂತು ತೂಗಬೇಕು. ನನ್ನನ್ನು ತೂಗಿಸಿಕೊಂಡು ಸಾಕಾಗಿದೆ. ಅಮ್ಮನನ್ನೇ ಕೇಳು. ಅಡುಗೆಮನೆಯಲ್ಲಿ ಅಲ್ಲ. ನಿಮ್ಮ ಅತ್ತೆ ಕೂತಿರುವಾಗ, ಅವರು ನನ್ನ ಹೆಸರು ಹೇಳಿ ನಗುವಾಗ ಕೇಳು. ಅವಳು ಹೇಳಿದರೆ ನನ್ನನ್ನು ಕರಿ, ಅದೇ ದಿನ ಬರುತ್ತೇನೆ. ಹೇಳದಿದ್ದರೆ ಸುಶ್ರುತ ಚೆನ್ನಾಗಿದ್ದಾನೆ ಅಂತ ಆಗಾಗ ಒಂದು ಸಾಲು ಹಾಕು.

ಆಸ್ಪತ್ರೆಯಲ್ಲಿ ನನ್ನ ಕೈಯಲ್ಲಿದ್ದ ಅವನ ಟೋಪಿ ಇನ್ನೂ ಇಲ್ಲೇ ಇದೆ. ಹಳದಿ ಉಲ್ಲನ್ನಿನದು, ಅಜ್ಜಿ ಹೆಣೆದದ್ದು. ಯಾರೂ ವಾಪಸ್ ಕೇಳಲಿಲ್ಲ, ನಾನೂ ಕೊಡಲಿಲ್ಲ. ನಿನ್ನೆ ತೆಗೆದು ನನ್ನ ಮುಷ್ಟಿಗೆ ಹಾಕಿ ನೋಡಿದೆ. ಇನ್ನು ಅವನ ತಲೆಗೆ ಆಗುವುದಿಲ್ಲ.

ಶರ್ವಾಣಿ